ಅಜ್ಜ ಕೊಟ್ಟ ನೂರೊಂದನೇ ಪದ್ಯ

ಸರ್ಕಾರವೊಂದು ಲೋಕದಲ್ಲಿರುವ ಪದ್ಯಗಳನ್ನೆಲ್ಲ ಮುಂದಿಟ್ಟುಕೊಂಡು, ಒಂದು ಸಮಿತಿ ಕೂರಿಸಿ, ಅದರಲ್ಲಿ ನೂರನ್ನು ಮಾತ್ರ ಉಳಿಸಿ ಮಿಕ್ಕಿದ್ದನ್ನೆಲ್ಲ ನಾಶ ಮಾಡಿದರೆ? ನೂರು ಪದ್ಯ, ನೂರು ಹಾಡು, ನೂರು ಚಿತ್ರ. ಅಷ್ಟೇ. ಹೆಚ್ಚಾದರೆ ಜನರ ತಲೆಗೆ ಭಾರ, ಬದುಕಿಗೆ ಗೊಂದಲ ಎಂಬುದು ಸರ್ಕಾರ ಕೊಡುವ ಕಾರಣ. ಅಮೆರಿಕದ ಲೇಖಕಿ ಆಲಿ ಕಾಂಡಿ ಬರೆದ ‘ಮ್ಯಾಚ್ಡ್’ ಕಾದಂಬರಿ ನಡೆಯುವುದು ಇಂಥ ಲೋಕದಲ್ಲಿ. ಪುಸ್ತಕ ಬಂದದ್ದು 2010ರಲ್ಲಿ. ಅದರ ಮುಂದಿನ ಭಾಗಗಳು ‘ಕ್ರಾಸ್ಡ್’ (2011) ಮತ್ತು ‘ರೀಚ್ಡ್’ (2012).

ಮಸ್ಕತ್‌ನಲ್ಲಿರುವ ನಾವು ಏಳೆಂಟು ಕನ್ನಡ ಕುಟುಂಬಗಳು ತಿಂಗಳಿಗೊಂದು ಶುಕ್ರವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ದೊಡ್ಡವರು ಹಾಲ್‌ನಲ್ಲಿ ಕೂತು ಊರಿನ ಮಳೆ, ಇಲ್ಲಿನ ವೀಸಾ, ಮಕ್ಕಳ ಫೀಸು ಮಾತಾಡುತ್ತೇವೆ. ಮಕ್ಕಳು ಒಳಗಿನ ಕೋಣೆ ಸೇರಿಬಿಡುತ್ತಾರೆ. ಕಳೆದ ಚಳಿಗಾಲದಲ್ಲಿ ಅವರೇ ಹೊರಗೆ ಬಂದು ಒಂದು ಷರತ್ತು ಹಾಕಿದರು. ‘ನೀವು ಹೇಳಿದ ಕನ್ನಡ ಕಥೆ ನಾವು ಕೇಳ್ತೀವಿ, ನಾವು ಓದುವ ಪುಸ್ತಕ ನೀವೂ ಓದಬೇಕು.’ ಒಪ್ಪಿದೆವು. ಹಾಗೆ ನಮ್ಮ ಕೈಗೆ ಬಂದದ್ದು ‘ಮ್ಯಾಚ್ಡ್’ ಮತ್ತು ‘ಅಲೋನ್’.

ಊರಿನಿಂದ ಫೋನ್ ಮಾಡುವ ಅಜ್ಜ, ಅಜ್ಜಿಯರು ‘ಪುಟ್ಟಿ ಏನೋ ದಪ್ಪ ಪುಸ್ತಕ ಹಿಡ್ಕೊಂಡು ಕೂತಿರ್ತಾಳಲ್ಲ, ಅದೇನು?’ ಎಂದು ಕೇಳುತ್ತಿರುತ್ತಾರೆ. ಅವರಿಗೆ ಉತ್ತರವಾಗಿಯೇ ಇದನ್ನು ಬರೆಯುತ್ತಿದ್ದೇವೆ. ಯಾಕೆಂದರೆ ‘ಮ್ಯಾಚ್ಡ್’ ಕಥೆ ಶುರುವಾಗುವುದೇ ಒಬ್ಬ ಅಜ್ಜನಿಂದ.

ಕೆಟ್ಟ ನಾಳೆಯ ಕಥೆಗಳು

ಈ ಬಗೆಯ ಕಾದಂಬರಿಗಳಿಗೆ ಇಂಗ್ಲಿಷಿನಲ್ಲಿ ಡಿಸ್ಟೋಪಿಯನ್ ಎನ್ನುತ್ತಾರೆ. ರಾಮರಾಜ್ಯಕ್ಕೆ ತದ್ವಿರುದ್ಧ ಅಂದುಕೊಳ್ಳಿ. ಮುಂದೆ ಬರಬಹುದಾದ ಒಂದು ಕೆಟ್ಟ ಕಾಲವನ್ನು ಕಲ್ಪಿಸಿ, ಅಲ್ಲಿ ಹದಿನಾರು ಹದಿನೇಳರ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ನಿಲ್ಲಿಸಿ, ಈಗ ನೀನೇನು ಮಾಡುತ್ತೀ ಎಂದು ಕೇಳುವ ಕಥೆಗಳು. ಸುಜಾನ್ ಕಾಲಿನ್ಸ್ ಅವರ ‘ಹಂಗರ್ ಗೇಮ್ಸ್’ (2008) ಬಂದ ಮೇಲೆ ಇವುಗಳ ಸುಗ್ಗಿಯೇ ಆಯಿತು.

ಮಕ್ಕಳೊಂದಿಗೆ ಓದುತ್ತಾ ಹೋದಾಗ ನಮ್ಮ ಗಮನಕ್ಕೆ ಬಂದ ಸಂಗತಿಯೊಂದಿದೆ. ಈ ಕಥೆಗಳಲ್ಲಿ ಬಂದೂಕು, ಯಂತ್ರ, ಗೋಡೆಗಳ ಜೊತೆಗೆ ಎಲ್ಲೋ ಒಂದು ಕಡೆ ಪದ್ಯ ಬಂದೇ ಬರುತ್ತದೆ. ‘ಹಂಗರ್ ಗೇಮ್ಸ್’ ಸರಣಿಯಲ್ಲಿ ನೇಣುಮರದ ಒಂದು ಹಾಡಿದೆ. ಅದನ್ನು ಹಾಡಬೇಡ ಎಂದು ನಾಯಕಿಯ ತಾಯಿಯೇ ಮನೆಯಲ್ಲಿ ತಡೆದಿರುತ್ತಾಳೆ. ಆ ಹಾಡು ಹುಟ್ಟಿದ್ದು ಹೇಗೆ ಎಂಬುದನ್ನು 2020ರಲ್ಲಿ ಬಂದ ಇನ್ನೊಂದು ಕಾದಂಬರಿ ಹೇಳುತ್ತದೆ. ಎಲ್ಲವನ್ನೂ ನಿಯಂತ್ರಿಸುವ ಸರ್ಕಾರಕ್ಕೆ ಹಾಡನ್ನು ಹಿಡಿಯುವುದು ಮಾತ್ರ ಕಷ್ಟ ಎಂಬುದು ಈ ಲೇಖಕರಿಗೆ ಗೊತ್ತಿದೆ.

ಕೆಲವರು ಇನ್ನೂ ಮುಂದೆ ಹೋಗಿ ಕಥೆಯನ್ನೇ ಪದ್ಯದಲ್ಲಿ ಹೇಳುತ್ತಾರೆ. ಮೇಗನ್ ಇ. ಫ್ರೀಮನ್ ಬರೆದ ‘ಅಲೋನ್’ (2021) ಹಾಗಿದೆ. ಅಮೆರಿಕದ ಕೊಲರಾಡೊ ರಾಜ್ಯದ ಹನ್ನೆರಡು ವರ್ಷದ ಹುಡುಗಿ ಮ್ಯಾಡಿ. ಅಪ್ಪ, ಅಮ್ಮ ಬೇರೆಯಾಗಿದ್ದಾರೆ, ಎರಡು ಮನೆ. ಗೆಳತಿಯರ ಜೊತೆ ಗುಟ್ಟಾಗಿ ಒಂದು ರಾತ್ರಿ ಕಳೆಯಲೆಂದು ಅವಳು ಅಪ್ಪನಿಗೆ ‘ಅಮ್ಮನ ಮನೆಯಲ್ಲಿರ್ತೀನಿ’, ಅಮ್ಮನಿಗೆ ‘ಅಪ್ಪನ ಮನೆಯಲ್ಲಿರ್ತೀನಿ’ ಎಂದು ಹೇಳುತ್ತಾಳೆ. ಗೆಳತಿಯರು ಬರುವುದಿಲ್ಲ. ಅದೇ ರಾತ್ರಿ ಯಾವುದೋ ಅಪಾಯದ ಹೆಸರಿನಲ್ಲಿ ಇಡೀ ಊರನ್ನು ತೆರವು ಮಾಡಿಸುತ್ತಾರೆ. ಮಗಳು ಇನ್ನೊಬ್ಬರ ಜೊತೆ ಇದ್ದಾಳೆ ಎಂದುಕೊಂಡೇ ಇಬ್ಬರೂ ಹೊರಟುಹೋಗುತ್ತಾರೆ. ಬೆಳಿಗ್ಗೆ ಎದ್ದರೆ ಊರಿನಲ್ಲಿ ಅವಳೊಬ್ಬಳೇ. ಜೊತೆಗೆ ಪಕ್ಕದ ಮನೆಯ ಜಾರ್ಜ್ ಎಂಬ ರಾಟ್‌ವೈಲರ್ ನಾಯಿ. ಕರೆಂಟ್ ಹೋಗುತ್ತದೆ, ನಲ್ಲಿಯ ನೀರು ನಿಲ್ಲುತ್ತದೆ. ಮೂರು ವರ್ಷಕ್ಕೂ ಹೆಚ್ಚು ಕಾಲ ಅವಳು ಹಾಗೆ ಬದುಕುತ್ತಾಳೆ.

ಇದನ್ನು ಚಿಕ್ಕ ಚಿಕ್ಕ ಸಾಲುಗಳಲ್ಲಿ ಬರೆಯಲಾಗಿದೆ. ಒಂದೊಂದು ಪುಟದಲ್ಲಿ ಅಕ್ಷರಕ್ಕಿಂತ ಖಾಲಿ ಜಾಗವೇ ಹೆಚ್ಚು. ಮೊದಲು ನಮಗೆ ಇದೇನು ಕಾಗದ ದಂಡ ಎನ್ನಿಸಿತ್ತು. ಓದುತ್ತಾ ಹೋದಂತೆ ಆ ಖಾಲಿ ಜಾಗವೇ ಆ ಊರು ಎಂದು ತಿಳಿಯಿತು. ಮಾತಾಡಲು ಯಾರೂ ಇಲ್ಲದವಳ ಮಾತು ಉದ್ದುದ್ದ ವಾಕ್ಯಗಳಲ್ಲಿ ಬರುವುದಾದರೂ ಹೇಗೆ? ದಪ್ಪ ಪುಸ್ತಕ ಕಂಡರೆ ಓಡುವ ನಮ್ಮ ಗುಂಪಿನ ಹುಡುಗನೊಬ್ಬ ಇದನ್ನು ಎರಡೇ ದಿನದಲ್ಲಿ ಮುಗಿಸಿದ. ತೆರವಾದ ಜನರಿಗೆ ಏನಾಯಿತು ಎಂಬುದನ್ನು ಫ್ರೀಮನ್ 2025ರಲ್ಲಿ ‘ಅವೇ’ ಎಂಬ ಜೊತೆ ಕಾದಂಬರಿಯಲ್ಲಿ ಹೇಳಿದ್ದಾರೆ. ಅದರಲ್ಲಿ ಪದ್ಯದ ಜೊತೆ ಬೇರೆ ಬಗೆಯ ಬರಹಗಳೂ ಬೆರೆತಿವೆ. ಗದ್ಯ, ಪದ್ಯ ಬೆರೆಸಿ ಕಥೆ ಹೇಳುವುದು ನಮಗೆ ಹೊಸದಲ್ಲ. ಪಂಪನ ಕಾಲದಿಂದಲೂ ಅದಕ್ಕೆ ಚಂಪೂ ಎಂಬ ಹೆಸರೇ ಇದೆ.

ಗಲ್ಫ್ ಮಕ್ಕಳಿಗೆ ಈ ಕಥೆ ತಟ್ಟಲು ಬೇರೊಂದು ಕಾರಣವೂ ಇದೆ. 2020ರ ಮೇ ತಿಂಗಳಲ್ಲಿ ವಂದೇ ಭಾರತ್ ವಿಮಾನಗಳು ಶುರುವಾಗುವವರೆಗೆ, ಆಮೇಲೂ ಎಷ್ಟೋ ತಿಂಗಳು, ಅಪ್ಪ ಇಲ್ಲಿ, ಅಮ್ಮ ಮಕ್ಕಳು ಅಲ್ಲಿ ಎಂದು ಸಿಕ್ಕಿಕೊಂಡ ಮನೆಗಳೆಷ್ಟೋ. ಇಂದು ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಿಗೆ ಅದು ಮಸುಕಾಗಿ ನೆನಪಿದೆ.

ನೂರರ ಲೆಕ್ಕ

‘ಮ್ಯಾಚ್ಡ್’ ಪದ್ಯದಲ್ಲಿ ಬರೆದ ಕಾದಂಬರಿ ಅಲ್ಲ, ಗದ್ಯವೇ. ಆದರೆ ಅದರ ನಡುವೆ ಕೂತಿರುವುದು ಒಂದು ಪದ್ಯ. ಆ ಲೋಕದ ಆಡಳಿತಕ್ಕೆ ‘ಸೊಸೈಟಿ’ ಎಂದು ಹೆಸರು. ಯಾರು ಯಾರನ್ನು ಮದುವೆಯಾಗಬೇಕು, ಏನು ಉಣ್ಣಬೇಕು, ಯಾವ ಕೆಲಸ ಮಾಡಬೇಕು, ಎಲ್ಲವನ್ನೂ ಅಂಕಿಅಂಶ ನೋಡಿ ಅದೇ ತೀರ್ಮಾನಿಸುತ್ತದೆ. ಹದಿನೇಳರ ವಯಸ್ಸಿಗೆ ‘ಜೋಡಿ ಔತಣ’ ಮಾಡಿ ವರ, ವಧು ಯಾರೆಂದು ಪರದೆಯ ಮೇಲೆ ತೋರಿಸುತ್ತಾರೆ. ‘ಜಾತಕದ ಬದಲು ಕಂಪ್ಯೂಟರ್, ಅಷ್ಟೇ ತಾನೇ’ ಎಂದು ನಮ್ಮಲ್ಲೊಬ್ಬರು ತಮಾಷೆ ಮಾಡಿದರು. ಎಂಬತ್ತನೇ ಹುಟ್ಟುಹಬ್ಬದ ದಿನ ‘ಕೊನೆಯ ಔತಣ’. ಅಂದು ರಾತ್ರಿ ಸಾವು. ಎಲ್ಲರಿಗೂ ಎಂಬತ್ತೇ, ಒಂದು ದಿನ ಹೆಚ್ಚಿಲ್ಲ. ಎಲ್ಲರ ಬಳಿಯೂ ಮೂರು ಮಾತ್ರೆ ಇರುತ್ತವೆ. ಅದರಲ್ಲಿ ಕೆಂಪು ಮಾತ್ರೆ ನುಂಗಿದರೆ ಆಗಷ್ಟೇ ನಡೆದದ್ದು ನೆನಪಿನಿಂದ ಅಳಿಸಿಹೋಗುತ್ತದೆ.

ನಾಯಕಿ ಕ್ಯಾಸಿಯಾಳ ಕೆಲಸ ಅಂಕಿಅಂಶ ವಿಂಗಡಿಸುವುದು. ಅದರಲ್ಲಿ ಬಹಳ ಚುರುಕು. ಅವಳ ಅಜ್ಜನಿಗೆ ಎಂಬತ್ತು ತುಂಬುತ್ತಿದೆ. ಅಲ್ಲಿ ಒಬ್ಬೊಬ್ಬರು ಹಳೆಯ ಕಾಲದ ಒಂದು ವಸ್ತುವನ್ನು ಮಾತ್ರ ಇಟ್ಟುಕೊಳ್ಳಬಹುದು. ಕ್ಯಾಸಿಯಾಳ ಬಳಿ ಇರುವುದು ಮುತ್ತಜ್ಜಿಯ ಕಾಲದ ಪುಟ್ಟ ಪೌಡರ್ ಡಬ್ಬಿ. ಸಾಯುವ ಮುನ್ನ ಅಜ್ಜ ಅದರೊಳಗೆ ಬಚ್ಚಿಟ್ಟ ಒಂದು ಹಳೆಯ ಕಾಗದವನ್ನು ಅವಳಿಗೆ ತೋರಿಸುತ್ತಾನೆ. ಅದರಲ್ಲಿ ಆ ನೂರರ ಪಟ್ಟಿಯಲ್ಲಿಲ್ಲದ ಪದ್ಯಗಳಿವೆ. ಅವನ್ನು ಉಳಿಸಿದವರು ಯಾರು ಗೊತ್ತೆ? ನೂರು ಪದ್ಯ ಆರಿಸಿದ ಸಮಿತಿಯಲ್ಲಿದ್ದ ಅದೇ ಮುತ್ತಜ್ಜಿ.

ಇಲ್ಲಿ ನಮ್ಮಲ್ಲಿ ಲೆಕ್ಕಪತ್ರದ ಕೆಲಸ ಮಾಡುವವರು ನಿಂತು ಯೋಚಿಸಿದೆವು. ದುಂಡು ಸಂಖ್ಯೆ ಕಂಡರೆ ಆಡಿಟ್ ಮಾಡುವವರಿಗೆ ಮೊದಲು ಬರುವುದು ಅನುಮಾನ. ನಿಜವಾದ ಖರ್ಚು 97 ಆಗುತ್ತದೆ, 103 ಆಗುತ್ತದೆ. ಸರಿಯಾಗಿ 100 ಎಂದು ಬರೆದಿದ್ದರೆ ಯಾರೋ ಕೂತು ಮಾಡಿದ ಲೆಕ್ಕ ಅದು. ಒಳ್ಳೆಯ ಪದ್ಯಗಳು ಸರಿಯಾಗಿ ನೂರೇ ಇರಲು ಹೇಗೆ ಸಾಧ್ಯ? ನೂರೊಂದನೆಯದು ಎಲ್ಲಿಗೆ ಹೋಯಿತು? ಅದನ್ನು ಪುಸ್ತಕದಿಂದ ತೆಗೆದುಹಾಕಿದ ಕೈಯೇ ಅದನ್ನು ಡಬ್ಬಿಯಲ್ಲಿ ಬಚ್ಚಿಟ್ಟಿತು ಎಂಬುದು ಕಾಂಡಿ ಕೊಡುವ ಉತ್ತರ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಈ ಲೇಖಕಿಗೆ ಪಠ್ಯದಲ್ಲಿ ಯಾವುದು ಸೇರುತ್ತದೆ, ಯಾವುದು ಬಿಟ್ಟುಹೋಗುತ್ತದೆ ಎಂಬುದರ ನೋವು ಗೊತ್ತಿದ್ದಿರಬೇಕು.

ಆ ಕಾಗದದಲ್ಲಿರುವುದು ಎರಡು ಪದ್ಯ. ಒಂದು ವೇಲ್ಸ್‌ನ ಕವಿ ಡೈಲನ್ ಥಾಮಸ್ ಸಾಯುತ್ತಿದ್ದ ತನ್ನ ತಂದೆಗಾಗಿ ಬರೆದದ್ದು. ಇನ್ನೊಂದು ಇಂಗ್ಲೆಂಡಿನ ಟೆನಿಸನ್ ತನ್ನ ಮುಪ್ಪಿನಲ್ಲಿ, 1889ರಲ್ಲಿ ಬರೆದ ‘ಕ್ರಾಸಿಂಗ್ ದಿ ಬಾರ್’. ಎರಡೂ ಸಾವಿನ ಕುರಿತೇ. ಆದರೆ ಒಂದು ಸುಮ್ಮನೆ ಸೋಲಬೇಡ, ಎದುರಿಸು ಎನ್ನುತ್ತದೆ. ಇನ್ನೊಂದು ಶಾಂತವಾಗಿ ದಡ ಬಿಟ್ಟು ಹೊರಡುವ ಮಾತಾಡುತ್ತದೆ. ಸೊಸೈಟಿಗೆ ಇವು ಬೇಡವಾದದ್ದು ಯಾಕೆ ಎಂದು ಮಕ್ಕಳಿಗೆ ಕೇಳಿದೆವು. ಒಂಬತ್ತನೇ ಕ್ಲಾಸಿನ ಹುಡುಗಿ ಹೇಳಿದಳು, ‘ಎರಡು ಪದ್ಯ ಎರಡು ತರ ಹೇಳಿದ್ರೆ ಯಾವುದು ಸರಿ ಅಂತ ನಾವೇ ಯೋಚನೆ ಮಾಡ್ಬೇಕಲ್ಲ.’ ಮುನ್ನೂರು ಚಿಲ್ಲರೆ ಪುಟದ ಸಾರ ಅಷ್ಟರಲ್ಲಿದೆ.

ಕೈ ಕಲಿಸಿದ ಕೈಬರಹ

ಕಥೆಯಲ್ಲಿ ಪ್ರೇಮವೂ ಇದೆ. ಸೊಸೈಟಿ ಗೊತ್ತು ಮಾಡಿದ ಹುಡುಗ ಝ್ಯಾಂಡರ್, ಬಾಲ್ಯದ ಗೆಳೆಯ, ಒಳ್ಳೆಯವನು. ಆದರೆ ಪರದೆಯ ಮೇಲೆ ಕ್ಷಣಮಾತ್ರ ಇನ್ನೊಬ್ಬನ ಮುಖ ಮಿಂಚುತ್ತದೆ. ದೂರದ ಗಡಿ ಪ್ರಾಂತ್ಯದಿಂದ ಬಂದು, ಇಲ್ಲಿ ಚಿಕ್ಕಪ್ಪ ಚಿಕ್ಕಮ್ಮನ ಮನೆಯಲ್ಲಿ ಬೆಳೆದ ಹುಡುಗ. ತಂದೆ ಮಾಡಿದ ತಪ್ಪಿಗೆ ಕೆಳದರ್ಜೆಯ ಹಣೆಪಟ್ಟಿ ಹೊತ್ತವನು. ಅವನ ಹೆಸರು ಕೈ.

ಈ ಹೆಸರು ಕೇಳಿ ನಮ್ಮ ಮಕ್ಕಳಿಗೆ ನಗು. ಯಾಕೆಂದರೆ ಅವನು ಕ್ಯಾಸಿಯಾಳಿಗೆ ಕಲಿಸುವುದೇ ಕೈಬರಹ. ಆ ಲೋಕದಲ್ಲಿ ಯಾರಿಗೂ ಕೈಯಲ್ಲಿ ಬರೆಯಲು ಬರುವುದಿಲ್ಲ. ಪರದೆ ಇದೆ, ಗುಂಡಿ ಒತ್ತುತ್ತಾರೆ. ಒತ್ತಿದ್ದೆಲ್ಲ ಸೊಸೈಟಿಯ ಕಣ್ಣಿಗೆ ಬೀಳುತ್ತದೆ. ಮಣ್ಣಿನ ಮೇಲೆ ಕಡ್ಡಿಯಲ್ಲಿ ಬರೆದದ್ದನ್ನು ಮಾತ್ರ ಯಾರೂ ಓದಲಾರರು, ಅಂಗೈಯಲ್ಲಿ ಸವರಿದರೆ ಅಳಿಸಿಹೋಗುತ್ತದೆ. ಕ್ಯಾಸಿಯಾ ಮೊದಲು ಕಲಿಯುವುದು ತನ್ನ ಹೆಸರಿನ ಮೊದಲ ಅಕ್ಷರವನ್ನು. ಹದಿನೇಳು ವರ್ಷದವಳು ಒಂದು ಅಕ್ಷರದ ವಂಕಿಗಾಗಿ ಒದ್ದಾಡುವ ಆ ಪುಟಗಳನ್ನು ಓದುವಾಗ ನಮ್ಮ ಮನೆಗಳ ಚಿತ್ರ ಕಣ್ಣಿಗೆ ಬಂತು.

ನಮ್ಮ ಮಕ್ಕಳು ಓದುವ ಶಾಲೆಗಳಲ್ಲಿ ಭಾಷೆಯ ಪಟ್ಟಿಯಲ್ಲಿ ಕನ್ನಡ ಇಲ್ಲ. ಹಿಂದಿ ಇದೆ, ಫ್ರೆಂಚ್ ಇದೆ, ಅರೇಬಿಕ್ ಇದೆ. ಮನೆಯಲ್ಲಿ ಕನ್ನಡ ಕೇಳುತ್ತಾರೆ, ಉತ್ತರ ಅರ್ಧ ಇಂಗ್ಲಿಷಿನಲ್ಲಿ ಬರುತ್ತದೆ. ಅಜ್ಜಿಗೆ ವಾಟ್ಸ್‌ಆ್ಯಪ್‌ನಲ್ಲಿ ‘ಊಟ ಆಯ್ತಾ ಅಜ್ಜಿ’ ಎಂದು ಕಳಿಸುವುದು ಇಂಗ್ಲಿಷ್ ಅಕ್ಷರದಲ್ಲಿ. ಅಜ್ಜಿಗೆ ಆ ಅಕ್ಷರ ಓದಲು ಕಷ್ಟ. ಅಜ್ಜಿ ಕನ್ನಡದಲ್ಲಿ ಬರೆದರೆ ಮೊಮ್ಮಗಳಿಗೆ ಓದಲು ಕಷ್ಟ. ಇಬ್ಬರ ನಡುವೆ ಕೊನೆಗೆ ಉಳಿಯುವುದು ಹೂವಿನ ಚಿತ್ರ, ಕೈಮುಗಿಯುವ ಚಿತ್ರ. ಇದನ್ನು ಯಾವ ಸೊಸೈಟಿಯೂ ಆಜ್ಞೆ ಮಾಡಿ ತಂದಿಲ್ಲ.

ಸುಟ್ಟ ಕಾಗದ, ಉಳಿದ ಪದ್ಯ

ಅಜ್ಜ ಕೊಟ್ಟ ಕಾಗದವನ್ನು ಕ್ಯಾಸಿಯಾ ಇಟ್ಟುಕೊಳ್ಳುವುದಿಲ್ಲ. ಸಿಕ್ಕಿಬಿದ್ದರೆ ಮನೆಯವರಿಗೆಲ್ಲ ಅಪಾಯ. ಬಾಯಿಪಾಠ ಮಾಡಿಕೊಂಡು ಕಾಗದವನ್ನು ಇಲ್ಲವಾಗಿಸುತ್ತಾಳೆ. ‘ಇದೆಲ್ಲ ಕಥೇಲಿ ಮಾತ್ರ’ ಎಂದು ಒಬ್ಬ ಹುಡುಗ ವಾದಿಸಿದ. ಇಲ್ಲ, ನಿಜವಾಗಿ ನಡೆದಿದೆ ಎಂದು ಅವನಿಗೆ ರಷ್ಯಾದ ಕವಯಿತ್ರಿ ಅನ್ನಾ ಅಖ್ಮಾತೊವಾ ಕಥೆ ಹೇಳಿದೆವು.

ಸ್ಟಾಲಿನ್ ಕಾಲದಲ್ಲಿ ಅಖ್ಮಾತೊವಾಳ ಮಗನನ್ನು ಬಂಧಿಸಿದರು. ಲೆನಿನ್‌ಗ್ರಾಡ್‌ನ ಜೈಲಿನ ಹೊರಗೆ ಹದಿನೇಳು ತಿಂಗಳು ಆಕೆ ಬೇರೆ ತಾಯಂದಿರ ಜೊತೆ ಸಾಲಿನಲ್ಲಿ ನಿಂತಳು. ಆ ನೋವಿನಲ್ಲಿ ಬರೆದದ್ದು ‘ರೆಕ್ವಿಯಂ’. ಅದನ್ನು ಮನೆಯಲ್ಲಿಟ್ಟುಕೊಂಡರೆ ತಲೆಗೇ ಸಂಚಕಾರ. ಲಿಡಿಯಾ ಚುಕೊವ್‌ಸ್ಕಯಾ ಎಂಬ ಗೆಳತಿ ಬಂದಾಗ ಅಖ್ಮಾತೊವಾ ಚೂರು ಕಾಗದದಲ್ಲಿ ಕೆಲವು ಸಾಲು ಬರೆದು ಕೊಡುವಳು. ಗೋಡೆಗೂ ಕಿವಿ ಇದೆ ಎಂದು ಬಾಯಲ್ಲಿ ಹವಾಮಾನದ ಮಾತು, ಚಹಾದ ಮಾತು. ಗೆಳತಿ ಮನಸ್ಸಿನಲ್ಲೇ ಓದಿ ಬಾಯಿಪಾಠ ಮಾಡಿ ಹಿಂದಿರುಗಿಸುವಳು. ಬೆಂಕಿಕಡ್ಡಿ ಗೀರಿ ಆ ಕಾಗದವನ್ನು ಬೂದಿಯ ತಟ್ಟೆಯಲ್ಲಿ ಸುಡುವರು. ಹೀಗೆ ಕೆಲವೇ ಜನರ ನೆನಪಿನಲ್ಲಿ ಆ ಕೃತಿ ವರ್ಷಗಟ್ಟಲೆ ಉಳಿಯಿತು. 1963ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಅಚ್ಚಾಯಿತು, ಅವರದೇ ದೇಶದಲ್ಲಿ ಅಚ್ಚಾಗಲು 1987 ಬರಬೇಕಾಯಿತು.

ನಮ್ಮಲ್ಲಿ ವಚನಗಳ ಕಥೆಯೂ ಇದಕ್ಕೆ ದೂರವಲ್ಲ. ಹನ್ನೆರಡನೇ ಶತಮಾನದ ವಚನಗಳು ನಮ್ಮ ತನಕ ಬಂದದ್ದು ಮನೆಮನೆಯ ಜಂತಿಯಲ್ಲಿ, ಪೂಜೆಯ ಗೂಡಿನಲ್ಲಿ ಕಟ್ಟಿಟ್ಟ ತಾಳೆಗರಿಗಳಿಂದ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. ಅಚ್ಚಿನ ಕೆಲಸಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಯಾರೋ ಕಟ್ಟಿಟ್ಟಿದ್ದರು, ಯಾರೋ ಬಂದು ಕೇಳಿದರು, ಅದರಿಂದ ಉಳಿಯಿತು.

ಬಾಯಿಪಾಠ ಎಂದರೆ ಇಂದಿನ ಮಕ್ಕಳಿಗೆ ಅಸಡ್ಡೆ. ಆದರೆ ಪದ್ಯವೆಂಬುದು ಬಾಯಿಪಾಠಕ್ಕೆಂದೇ ಕಟ್ಟಿದ ವಸ್ತು. ಡೈಲನ್ ಥಾಮಸ್‌ನ ಆ ಪದ್ಯ ‘ವಿಲನೆಲ್’ ಎಂಬ ರೂಪದಲ್ಲಿದೆ. ಒಟ್ಟು 19 ಸಾಲು. ಅದರಲ್ಲಿ ಎರಡು ಸಾಲು ನಾಲ್ಕು ನಾಲ್ಕು ಸಲ ಮರಳಿ ಬರುತ್ತವೆ. ಲೆಕ್ಕ ಹಾಕಿದರೆ ಹೊಸದಾಗಿ ಕಲಿಯಬೇಕಾದ ಸಾಲು 13 ಮಾತ್ರ. ನಮ್ಮ ಹಾಡುಗಳ ಪಲ್ಲವಿ ಮಾಡುವುದೂ ಇದನ್ನೇ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಆರು ಸಾಲಿಗೂ ಎರಡನೇ ಅಕ್ಷರದ ಪ್ರಾಸ ಇರುತ್ತದೆ. ಒಂದು ಸಾಲು ಮರೆತರೆ ಆ ಅಕ್ಷರವೇ ಮುಂದಿನ ಸಾಲನ್ನು ಎಳೆದು ತರುತ್ತದೆ. ಓದು ಬಾರದವರೂ ಭಾರತ ಹೇಳುತ್ತಿದ್ದುದು ಹೀಗೆ.

ಒಬ್ಬ ಮೇಷ್ಟ್ರು ಮತ್ತು ಅವರ ಮಗ

ಇನ್ನು ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ವಿಷಯ. ಅದು ಕಾದಂಬರಿಯಲ್ಲಿಲ್ಲ, ಆ ಪದ್ಯದ ಹಿಂದಿದೆ.

ಡೈಲನ್ ಥಾಮಸ್ ಹುಟ್ಟಿದ್ದು 1914ರಲ್ಲಿ, ವೇಲ್ಸ್‌ನ ಸ್ವಾನ್‌ಸಿ ಪಟ್ಟಣದಲ್ಲಿ. ತಂದೆ ಡಿ.ಜೆ. ಥಾಮಸ್ ಅಲ್ಲಿನ ಗ್ರಾಮರ್ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ತಂದೆ, ತಾಯಿ ಇಬ್ಬರೂ ವೆಲ್ಷ್ ಭಾಷೆ ಮಾತಾಡಬಲ್ಲ ಮನೆಗಳಿಂದ ಬಂದವರು. ಮಗನಿಗೆ ಇಟ್ಟ ಹೆಸರು ಸಹ ವೆಲ್ಷ್ ಪುರಾಣ ಕಥೆಗಳಿಂದ ಆರಿಸಿದ್ದು. ಆದರೆ ಮಕ್ಕಳಿಗೆ ವೆಲ್ಷ್ ಕಲಿಸಲಿಲ್ಲ. ಇಂಗ್ಲಿಷ್ ಉಚ್ಚಾರಣೆ ತಿದ್ದಲು ಪಾಠ ಹೇಳಿಸಿದರು. ಆ ಕಾಲದಲ್ಲಿ ಮೇಲೆ ಬರಬೇಕಾದರೆ ಇಂಗ್ಲಿಷ್ ಬೇಕು, ವೆಲ್ಷ್ ಹಳ್ಳಿಯ ಭಾಷೆ ಎಂಬ ಭಾವನೆ ಅಲ್ಲಿನ ಎಷ್ಟೋ ಮನೆಗಳಲ್ಲಿತ್ತು. ವೇಲ್ಸ್‌ನ ಅತ್ಯಂತ ಪ್ರಸಿದ್ಧ ಕವಿಗೆ ತನ್ನ ಹಿರಿಯರ ಭಾಷೆ ಬರುತ್ತಿರಲಿಲ್ಲ.

ಆ ಮೇಷ್ಟ್ರನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ. ಮಗ ಇನ್ನೂ ಚಿಕ್ಕವನಿದ್ದಾಗಲೇ ಅವರು ಶೇಕ್ಸ್‌ಪಿಯರ್‌ನನ್ನು ಗಟ್ಟಿಯಾಗಿ ಓದಿ ಕೇಳಿಸುತ್ತಿದ್ದರು. ಪದ್ಯದ ನಾದ ಮಗನ ಕಿವಿಗೆ ಬಿದ್ದದ್ದು ತಂದೆಯ ದನಿಯಿಂದಲೇ. ತನಗೆ ಗೊತ್ತಿದ್ದ ಒಳ್ಳೆಯದನ್ನು, ಮಗನ ಅನ್ನಕ್ಕೆ ದಾರಿಯಾಗುವಂಥದ್ದನ್ನು ಕೊಟ್ಟರು. ಇನ್ನೊಂದನ್ನು ತಮ್ಮಲ್ಲೇ ಉಳಿಸಿಕೊಂಡರು. ತಂದೆಯ ದೃಷ್ಟಿ ಮಂಜಾಗಿ, ದೇಹ ಕುಗ್ಗುತ್ತಿದ್ದ ದಿನಗಳಲ್ಲಿ ಮಗ ಆ ಪದ್ಯ ಬರೆದ. ಅದು 1951ರಲ್ಲಿ ಅಚ್ಚಾಯಿತು. 1952ರ ಡಿಸೆಂಬರ್‌ನಲ್ಲಿ ತಂದೆ ತೀರಿಕೊಂಡರು. ಒಂದು ವರ್ಷವೂ ತುಂಬುವ ಮೊದಲೇ, 1953ರ ನವೆಂಬರ್‌ನಲ್ಲಿ, ಮಗನೂ ನ್ಯೂಯಾರ್ಕ್‌ನಲ್ಲಿ ತೀರಿಕೊಂಡ. ಆಗ ಅವನಿಗೆ 39 ವರ್ಷ.

ಕಾಂಡಿ ತಮ್ಮ ಕಾದಂಬರಿಯ ಅಜ್ಜನ ಕೈಗೆ ಇದೇ ಪದ್ಯ ಕೊಟ್ಟದ್ದು ಸಾವಿನ ವಿಷಯಕ್ಕಾಗಿ ಇರಬಹುದು. ನಾವು ಓದಿಕೊಂಡದ್ದು ಬೇರೆ. ಕಾದಂಬರಿಯಲ್ಲಿ ಪದ್ಯಗಳನ್ನು ಸುಟ್ಟದ್ದು ಸರ್ಕಾರ. ಸ್ವಾನ್‌ಸಿಯ ಆ ಮನೆಯಲ್ಲಿ ಯಾರೂ ಏನನ್ನೂ ಸುಡಲಿಲ್ಲ, ಯಾರೂ ನಿಷೇಧಿಸಲಿಲ್ಲ. ಮಗನ ಒಳಿತಿಗೆಂದೇ ತಂದೆ ಸುಮ್ಮನಾದರು. ಹೊರದೇಶದಲ್ಲಿ ದುಡಿಯುವ ನಾವು ಹತ್ತಿರವಿರುವುದು ಕಾಂಡಿಯ ಸೊಸೈಟಿಗಲ್ಲ, ಸ್ವಾನ್‌ಸಿಯ ಆ ಮನೆಗೆ. ಹೀಗೆ ಕಳೆದದ್ದು ಯಾವ ಲೆಕ್ಕಪುಸ್ತಕದಲ್ಲೂ ನಷ್ಟ ಎಂದು ಕಾಣಿಸುವುದಿಲ್ಲ. ಆಸ್ತಿ ಎಂದು ಮೊದಲು ಬರೆದುಕೊಂಡಿದ್ದರೆ ತಾನೇ ಕಳೆದದ್ದು ತಿಳಿಯುವುದು?

ಮಕ್ಕಳಿಗೆ ಇಂಥ ಕಥೆ ಬೇಕೇ?

ನಮ್ಮಲ್ಲಿ ಕೆಲವು ತಾಯಂದಿರು ಹಿಂಜರಿದರು. ಸಾವು, ಒಂಟಿತನ, ಕ್ರೂರ ಸರ್ಕಾರ, ಓದುವ ವಯಸ್ಸಿನ ಮಕ್ಕಳಿಗೆ ಇದೆಲ್ಲ ಯಾಕೆ? ಕೇಳಬೇಕಾದ ಪ್ರಶ್ನೆಯೇ. ‘ಹಂಗರ್ ಗೇಮ್ಸ್’ನಲ್ಲಿ ಮಕ್ಕಳು ಮಕ್ಕಳನ್ನು ಕೊಲ್ಲುವ ಆಟವಿದೆ, ಚಿಕ್ಕವರಿಗೆ ಬೇಡ ಎಂದೇ ನಮ್ಮ ಅಭಿಪ್ರಾಯ. ‘ಮ್ಯಾಚ್ಡ್’ನಲ್ಲಿ ರಕ್ತಪಾತ ಕಡಿಮೆ, ಹನ್ನೆರಡು ದಾಟಿದವರು ಓದಬಹುದು. ‘ಅಲೋನ್’ ಹತ್ತು ಹನ್ನೊಂದರವರಿಗೂ ಸಲ್ಲುತ್ತದೆ, ಆದರೆ ರಾತ್ರಿ ಒಬ್ಬರೇ ಮಲಗಲು ಅಂಜುವ ಮಗುವಾದರೆ ದೊಡ್ಡವರು ಜೊತೆಗೆ ಕೂತು ಓದಲಿ.

‘ಮ್ಯಾಚ್ಡ್’ನಲ್ಲಿ ಕೊರತೆ ಇಲ್ಲವೆಂದಲ್ಲ. ಲೋಯಿಸ್ ಲೌರಿ 1993ರಲ್ಲಿ ಬರೆದ ‘ದಿ ಗಿವರ್’ ಓದಿದವರಿಗೆ ಈ ಲೋಕ ಮೊದಲೇ ಕಂಡದ್ದು ಎನ್ನಿಸುತ್ತದೆ. ಇಬ್ಬರು ಹುಡುಗರ ನಡುವಿನ ತೊಳಲಾಟ ಎರಡನೇ ಭಾಗದಲ್ಲಿ ಎಳೆದಂತಾಗಿದೆ. ಆದರೆ ಮೂರನೇ ಭಾಗದಲ್ಲಿ ಕ್ಯಾಸಿಯಾ ಜನರು ತಾವೇ ಬರೆದದ್ದನ್ನು, ಮಾಡಿದ್ದನ್ನು ತಂದು ಹಂಚಿಕೊಳ್ಳಲು ‘ಗ್ಯಾಲರಿ’ ಎಂಬ ಜಾಗ ಮಾಡುತ್ತಾಳೆ. ಬೇರೆಯವರ ಪದ್ಯ ಬಚ್ಚಿಟ್ಟುಕೊಂಡಿದ್ದವಳು ಕೊನೆಗೆ ತನ್ನದೇ ಪದ್ಯ ಬರೆಯುತ್ತಾಳೆ. ಮಕ್ಕಳಿಗೆ ಇಷ್ಟವಾದದ್ದು ಅದು. ಅಲ್ಲಿ ಜನ ತರುವುದೆಲ್ಲ ಶ್ರೇಷ್ಠವೇನಲ್ಲ. ಆದರೂ ತರುತ್ತಾರೆ.

ಊರಿನವರಿಗೊಂದು ಕೋರಿಕೆ

ಓದಿ ಮುಗಿದ ಮೇಲಿನ ಶುಕ್ರವಾರ ಆ ಮನೆಯಲ್ಲಿ ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ಅಜ್ಜರೊಬ್ಬರು ಇದ್ದರು. ಮಗಳ ಮನೆಗೆ ಎರಡು ತಿಂಗಳಿಗೆಂದು ಬಂದವರು. ಮಕ್ಕಳ ಇಂಗ್ಲಿಷ್ ಮಾತು ಅರ್ಥವಾಗದೆ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಮೊಮ್ಮಗಳು ಹೋಗಿ ಕೇಳಿದಳು, ‘ಅಜ್ಜಾ, ನಿಮ್ಗೆ ಎಷ್ಟು ಪದ್ಯ ಬಾಯಿಗೆ ಬರುತ್ತೆ?’ ‘ಲೆಕ್ಕ ಇಟ್ಟಿಲ್ವಲ್ಲ ಮಗಾ’ ಎಂದರು. ‘ಒಂದು ಹೇಳಿ’ ಎಂದಾಗ ಮೊದಲು ಸಂಕೋಚಪಟ್ಟರು. ಆಮೇಲೆ ಗದುಗಿನ ಭಾರತದ ಒಂದು ಷಟ್ಪದಿ ಎತ್ತಿದರು. ಅರ್ಧ ಗಂಟೆ ನಿಲ್ಲಿಸಲಿಲ್ಲ. ಅಡುಗೆಮನೆಯಲ್ಲಿದ್ದ ಅವರ ಮಗಳು ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲೇ ನಿಂತರು. ಅಪ್ಪನಿಗೆ ಇಷ್ಟೊಂದು ಬರುತ್ತದೆಂದು ಅವರಿಗೂ ಗೊತ್ತಿರಲಿಲ್ಲವಂತೆ.

ಆ ಸಂಜೆಯಿಂದ ನಾವೊಂದು ಸಣ್ಣ ಕೆಲಸ ಹಿಡಿದಿದ್ದೇವೆ. ಪ್ರತಿ ಮಗು ಊರಿನ ಒಬ್ಬ ಹಿರಿಯರಿಂದ ಒಂದು ಪದ್ಯ ಕೇಳಿ ಕಲಿಯಬೇಕು. ಪುಸ್ತಕದಿಂದಲ್ಲ, ಯೂಟ್ಯೂಬ್‌ನಿಂದಲ್ಲ, ಅವರ ಬಾಯಿಂದ. ಇಲ್ಲಿಗೆ ಅವರು ಧ್ವನಿ ಸಂದೇಶ ಕಳಿಸಬಹುದು. ಮಗು ಕಲಿತು ತನ್ನ ದನಿಯಲ್ಲಿ ವಾಪಸ್ ಕಳಿಸುತ್ತದೆ. ಅಜ್ಜಿ ತಿದ್ದುತ್ತಾರೆ. ಕಲಿತ ಪದ್ಯವನ್ನು ಕೊನೆಗೆ ಒಂದು ಸಲ ಕೈಯಲ್ಲಿ, ಕನ್ನಡ ಅಕ್ಷರದಲ್ಲಿ ಬರೆಯಬೇಕು. ಎಷ್ಟು ವಕ್ರವಾದರೂ ಸರಿ.

ಪದ್ಯ ಕನ್ನಡದ್ದೇ ಆಗಬೇಕೆಂಬ ಹಟ ನಮಗಿಲ್ಲ. ಗಲ್ಫಿಗೆ ಬಂದ ಕರ್ನಾಟಕದವರಲ್ಲಿ ಕರಾವಳಿಯವರು ಬಹಳ. ಅವರ ಮನೆಮಾತು ತುಳು, ಕೊಂಕಣಿ, ಬ್ಯಾರಿ. ನಾಟಿ ಗದ್ದೆಯಲ್ಲಿ ಹೇಳುತ್ತಿದ್ದ ಪಾಡ್ದನದ ನಾಲ್ಕು ಸಾಲು ಆಗಬಹುದು, ರೋಸ್ ಕಾರ್ಯಕ್ರಮದ ವೊವಿಯೊ ಆಗಬಹುದು, ಬ್ಯಾರಿ ಮದುವೆಮನೆಯ ಹಾಡು ಆಗಬಹುದು. ಬೀಸುವ ಕಲ್ಲಿನ ಪದ, ಜೋಗುಳ, ಶಾಲೆಯಲ್ಲಿ ಮೇಷ್ಟ್ರು ಹೊಡೆದು ಕಲಿಸಿದ ಪದ್ಯ, ಯಾವುದಾದರೂ ನಡೆಯುತ್ತದೆ. ನಮ್ಮ ಗುಂಪಿನ ಪುತ್ತೂರಿನ ಹುಡುಗನಿಗೆ ಅಜ್ಜಿ ಕಳಿಸಿದ್ದು ತುಳುವಿನದು. ಅದರಲ್ಲಿ ಬರುವ ಒಂದು ಹಕ್ಕಿಯ ಹೆಸರು ಅವನ ಅಪ್ಪನಿಗೂ ಗೊತ್ತಿಲ್ಲ. ಈಗ ಇಬ್ಬರೂ ಅಜ್ಜಿಯನ್ನೇ ಕೇಳುತ್ತಿದ್ದಾರೆ.

ಊರಿನಲ್ಲಿದ್ದು ಈ ಪುಟ ಓದುವ ಅಪ್ಪ, ಅಮ್ಮ, ಅತ್ತೆ, ಮಾವಂದಿರಿಗೆ ನಮ್ಮ ಕೋರಿಕೆ ಇಷ್ಟೇ. ‘ನಮಗೇನು ಬರುತ್ತೆ, ಹಳೇ ಕಾಲದ್ದು’ ಎನ್ನಬೇಡಿ. ಮೊಮ್ಮಕ್ಕಳು ಓದುತ್ತಿರುವ ಹೊಸ ಕಾದಂಬರಿಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ಒಬ್ಬ ಎಂಬತ್ತರ ಅಜ್ಜನ ಬಳಿ ಇರುತ್ತದೆ, ಅದು ಅವರಿಗೆ ಗೊತ್ತಿದೆ. ಆ ಅಜ್ಜನಿಗೆ ಸಿಕ್ಕಿದ್ದು ಒಂದೇ ಗಳಿಗೆ. ನಿಮಗೆ ಒಂದಿಡೀ ರಜೆ ಇದೆ. ಜೂನ್‌ನಲ್ಲಿ ಇಲ್ಲಿನ ಶಾಲೆಗಳಿಗೆ ರಜೆ ಶುರುವಾಗುತ್ತದೆ, ಮಕ್ಕಳು ಊರಿಗೆ ಹೊರಡುತ್ತಾರೆ. ಹಲಸಿನ ಹಪ್ಪಳ, ಮಾವಿನ ಮಿಡಿಯ ಜೊತೆಗೆ ಒಂದು ಪದ್ಯವನ್ನೂ ತೆಗೆದಿಟ್ಟಿರಿ. ಸೂಟ್‌ಕೇಸ್‌ನಲ್ಲಿ ತೂಕ ಹೆಚ್ಚಾಯಿತೆಂದು ವಿಮಾನ ನಿಲ್ದಾಣದಲ್ಲಿ ತೆಗೆಸುವ ಸಾಮಾನಲ್ಲ ಅದು.